ಹೋಮ್‌ಲ್ಯಾಂಡ್ ಸೆಕ್ಯುರಿಟಿ ಮತ್ತು ನಮ್ಮೂರಿನ ತೋಟಿ

ಕಳೆದ ತಿಂಗಳು ಊರಿಗೆ ಹೋಗಿದ್ದೆ. ಊರು ಅಂದ್ರೆ ಮೇಲೂರು, ಶಿಡ್ಲಘಟ್ಟ ತಾಲ್ಲೂಕು. ಮನೆ ತುಂಬಾ ಚಂದ್ರಿಕೆಗಳು, ಹುಳು ಹಣ್ಣಾಗುವ ಸಮಯ, ಯಾರಿಗೂ ಮಾತಾಡಲು ಪುರುಸೊತ್ತಿಲ್ಲ. ಅಂಥಾದ್ರಲ್ಲಿ ಚಿಕ್ಕಪ್ಪ ನನ್ನನ್ನು ಪಕ್ಕಕ್ಕೆ ಕರೆದು ಒಂದು ಪ್ರಿಂಟೌಟ್ ಕೈಗಿಟ್ಟರು. ಅವರ ಮಗ, ಅಂದರೆ ನನ್ನ ತಮ್ಮ, ಬಿ.ಇ. ಮುಗಿಸಿ ಒಂದು ವರ್ಷ ಆಯ್ತು. ಅಮೆರಿಕಾದ ಒಂದು ಯೂನಿವರ್ಸಿಟಿಯಿಂದ ಅಡ್ಮಿಷನ್ ಲೆಟರ್ ಬಂದಿದೆ. ಕೋರ್ಸಿನ ಹೆಸರು: ಮಾಸ್ಟರ್ಸ್ ಇನ್ ಹೋಮ್‌ಲ್ಯಾಂಡ್ ಸೆಕ್ಯುರಿಟಿ.

ನಾನು ಎರಡು ಸಲ ಓದಿದೆ. ಎಂ.ಎಸ್. ಅಂದ್ರೆ ಕಂಪ್ಯೂಟರ್ ಸೈನ್ಸು, ಡೇಟಾ ಸೈನ್ಸು, ಹೆಚ್ಚೆಂದರೆ ಸಪ್ಲೈ ಚೈನು. ಇದ್ಯಾವುದಪ್ಪಾ?

ಜಗಲಿ ಮೇಲೆ ಕೂತಿದ್ದ ತಾತ ಕೇಳಿದರು, "ಏನಂತೆ ಅದು ಓದು?"

"ದೇಶ ಕಾಯೋದರ ಬಗ್ಗೆ ತಾತ. ಹೋಮ್‌ಲ್ಯಾಂಡ್ ಸೆಕ್ಯುರಿಟಿ" ಅಂದ ತಮ್ಮ.

"ಅಲ್ಲ ಕಣೋ, ಹೋಮ್ ಗಾರ್ಡ್ ಆಗಕ್ಕೆ ಅಮೆರಿಕಾಗೆ ಯಾಕೋ ಹೋಗ್ಬೇಕು? ಶಿಡ್ಲಘಟ್ಟದಾಗೇ ತಗೊಂತಾರಲ್ಲ!"

ಎಲ್ಲರೂ ನಕ್ಕರು. ತಮ್ಮ ಮಾತ್ರ ನಗಲಿಲ್ಲ. ಚಿಕ್ಕಪ್ಪನೂ ನಗಲಿಲ್ಲ, ಯಾಕೆಂದರೆ ಸಾಲಕ್ಕೆ ಅಡವಿಡಬೇಕಿರುವುದು ಅವರ ಪಾಲಿನ ಹಿಪ್ಪುನೇರಳೆ ತೋಟ. ಬೆಂಗಳೂರಿನ ಯಾವುದೋ ಕನ್ಸಲ್ಟೆನ್ಸಿಯವನು "ಇದಕ್ಕೆ ತುಂಬಾ ಸ್ಕೋಪ್ ಇದೆ, ಕಾಂಪಿಟಿಷನ್ ಕಮ್ಮಿ" ಅಂತ ಹೇಳಿದ್ದನಂತೆ. "ನೀನು ಸಾಫ್ಟ್‌ವೇರ್‌ನಲ್ಲಿದೀಯ, ನೀನೇ ಹೇಳಪ್ಪ, ಕಳಿಸಬಹುದಾ?" ಅಂದರು ಚಿಕ್ಕಪ್ಪ. ಸಾಫ್ಟ್‌ವೇರ್‌ನಲ್ಲಿರುವವನಿಗೆ ಜಗತ್ತಿನ ಎಲ್ಲಾ ವಿಷಯ ಗೊತ್ತಿರುತ್ತೆ ಅನ್ನೋದು ನಮ್ಮ ಕಡೆಯ ನಂಬಿಕೆ. ಒಂದು ವಾರ ಟೈಮ್ ಕೊಡಿ ಅಂದು ಬಂದೆ. ವಾರ ಹೋಗಿ ತಿಂಗಳಾಯ್ತು. ಆ ಓದಿನ ಲೆಕ್ಕ ಇದು.

ಮೊದಲು ಈ ಹೆಸರಿನ ವಿಷಯ. ಅಮೆರಿಕಾದವರಿಗೇ "ಹೋಮ್‌ಲ್ಯಾಂಡ್" ಅನ್ನುವ ಪದ ಹೊಸದು. 2001ರ ಫೆಬ್ರವರಿಯಲ್ಲಿ, ಅಂದರೆ ಅವಳಿ ಗೋಪುರ ಬೀಳುವುದಕ್ಕೆ ಏಳು ತಿಂಗಳು ಮುಂಚೆ, ಹಾರ್ಟ್-ರಡ್ಮನ್ ಆಯೋಗ ಇಂಥದ್ದೊಂದು ಸಂಸ್ಥೆ ಬೇಕು ಅಂತ ವರದಿ ಕೊಟ್ಟಿತ್ತು. ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಸೆಪ್ಟೆಂಬರ್ 11 ಆದಮೇಲೆ ಎಲ್ಲವೂ ಧಡಧಡ ನಡೆಯಿತು. 2002ರ ನವೆಂಬರ್ 25ರಂದು ಕಾಯ್ದೆಗೆ ಸಹಿ ಬಿತ್ತು, 2003ರ ಮಾರ್ಚ್ 1ಕ್ಕೆ 22 ಇಲಾಖೆಗಳನ್ನು ಒಟ್ಟು ಕಲಸಿ ಸುಮಾರು 1,80,000 ನೌಕರರ ಒಂದೇ ಇಲಾಖೆ ಮಾಡಿದರು. ಸುಂಕದವರು, ಕರಾವಳಿ ಕಾವಲಿನವರು, ಪ್ರವಾಹ ಬಂದಾಗ ಗಂಜಿ ಕೊಡುವವರು, ವಿಮಾನ ನಿಲ್ದಾಣದಲ್ಲಿ ಶೂ ಬಿಚ್ಚಿಸುತ್ತಿದ್ದವರು, ಎಲ್ಲ ಒಂದೇ ಸೂರಿನಡಿ.

ಇಲಾಖೆ ಆದಮೇಲೆ ಅದಕ್ಕೆ ಓದಿದವರು ಬೇಕಲ್ಲ. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿರುವ ನೌಕಾಪಡೆಯ ಸ್ನಾತಕೋತ್ತರ ಶಾಲೆಯಲ್ಲಿ 2003ರ ಜನವರಿಯಲ್ಲಿ ಈ ವಿಷಯದ ಮೊದಲ ಮಾಸ್ಟರ್ಸ್ ತಂಡ ಕೂತಿತು. ಅದರಲ್ಲಿ ಕೂತವರು ಹುಡುಗರಲ್ಲ, ಆಗಲೇ ಕೆಲಸದಲ್ಲಿದ್ದ ಪೊಲೀಸ್ ಅಧಿಕಾರಿಗಳು, ಅಗ್ನಿಶಾಮಕ ದಳದವರು, ಆರೋಗ್ಯ ಇಲಾಖೆಯವರು. ಫೀಸು ಸರ್ಕಾರದ್ದೇ. ಅದನ್ನು ನೋಡಿ ಬೇರೆ ಯೂನಿವರ್ಸಿಟಿಗಳು, ಆನ್‌ಲೈನ್ ಕಾಲೇಜುಗಳು ಸಾಲಾಗಿ ಕೋರ್ಸು ತೆರೆದವು. ತಮ್ಮನ ಕೈಯಲ್ಲಿರುವ ಕಾಗದ ಆ ಸಾಲಿನ ಕೊನೆಯಲ್ಲೆಲ್ಲೋ ಇದೆ.

ಇವೆಲ್ಲಾ ಮೊದಲು ಭಯೋತ್ಪಾದನೆಯನ್ನೇ ಹಿಡಿದುಕೊಂಡಿದ್ದವು. ಪಾಠ ತಿರುಗಿದ್ದು 2005ರ ಆಗಸ್ಟ್ 29ಕ್ಕೆ, ಕತ್ರಿನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ಕಡೆ ಬಂದಾಗ. ಒಡ್ಡು ಒಡೆದು ಊರು ಮುಳುಗಿತು, ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಗ ವಿಪತ್ತು ನಿರ್ವಹಣಾ ಸಂಸ್ಥೆಯ ಮುಖ್ಯಸ್ಥರಾಗಿದ್ದ ಮೈಕೆಲ್ ಬ್ರೌನ್ ಈ ಸಂಸ್ಥೆಗೆ ಬರುವ ಮುಂಚೆ ವರ್ಷಾನುಗಟ್ಟಲೆ ಅರಬ್ಬೀ ಕುದುರೆಗಳ ಸಂಘದಲ್ಲಿ ಕೆಲಸ ಮಾಡಿದ್ದವರು! ಅವರು ರಾಜೀನಾಮೆ ಕೊಟ್ಟರು. "ಇದನ್ನು ಓದಿಕೊಂಡವರೇ ಇಂಥ ಜಾಗದಲ್ಲಿ ಕೂರಬೇಕು" ಅನ್ನುವ ವಾದಕ್ಕೆ ಇದಕ್ಕಿಂತ ಬಲವಾದ ಜಾಹೀರಾತು ಬೇಕಿರಲಿಲ್ಲ. ಅಲ್ಲಿಂದ ಮುಂದೆ ಪ್ರವಾಹ, ಬೆಂಕಿ, ಸಾಂಕ್ರಾಮಿಕ ರೋಗ ಎಲ್ಲವೂ ಸಿಲಬಸ್‌ನಲ್ಲಿ ಭದ್ರವಾಗಿ ಕೂತವು.

ಇಲ್ಲಿಗೆ ಬಂದಾಗ ನನಗೆ ಎಲ್ಲೋ ಓದಿದ ನೆನಪು ಬಂತು. ಬೆಂಕಿ, ನೀರು, ರೋಗ, ಬರ... ಈ ಪಟ್ಟಿಯನ್ನು ನೋಡಿದ್ದೇನೆ. ಎಲ್ಲಿ? ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ. ಅದರ ನಾಲ್ಕನೇ ಅಧಿಕರಣದ ಹೆಸರು ಕಂಟಕಶೋಧನ, ಅಂದರೆ ನಾಡಿನೊಳಗಿನ ಮುಳ್ಳು ತೆಗೆಯುವುದು. ಅಲ್ಲಿ ಎಂಟು ಮಹಾಭಯಗಳನ್ನು ಪಟ್ಟಿ ಮಾಡಿದ್ದಾನೆ: ಬೆಂಕಿ, ನೀರು, ರೋಗ, ಬರ, ಇಲಿ, ಕಾಡುಮೃಗ, ಹಾವು, ಕೊನೆಗೆ ರಾಕ್ಷಸರು. (ರಾಕ್ಷಸರನ್ನು ಬಿಟ್ಟರೆ ಉಳಿದದ್ದೆಲ್ಲ ಇವತ್ತಿಗೂ ನಮ್ಮ ಜಿಲ್ಲಾಡಳಿತದ ಕಡತದಲ್ಲಿ ಇರುವಂಥದ್ದೇ.) ಊರಿನ ಆಡಳಿತ ಹೇಳುವ ಇನ್ನೊಂದು ಕಡೆ ಬೆಂಕಿಯ ನಿಯಮ ಇದೆ. ಪ್ರತಿ ಮನೆಯವನೂ ನೀರಿನ ಗಡಿಗೆ, ಏಣಿ, ಕೊಡಲಿ, ಮೊರ, ಕೊಕ್ಕೆ, ಚರ್ಮದ ಚೀಲ ಇಟ್ಟುಕೊಂಡಿರಬೇಕು. ಬೀದಿಗಳಲ್ಲಿ ಸಾಲಾಗಿ ನೀರು ತುಂಬಿದ ಪಾತ್ರೆ ಇಡಬೇಕು. ನಾನು ಕೆಲಸ ಮಾಡುವ ಟೆಕ್ ಪಾರ್ಕಿನ ಫೈರ್ ಡ್ರಿಲ್ ಇದರ ಮುಂದೆ ಏನೂ ಅಲ್ಲ. ಅಲ್ಲಿ ಎಲ್ಲರೂ ಕೆಳಗಿಳಿದು ಟೀ ಕುಡಿದು ವಾಪಸ್ ಹೋಗ್ತೀವಿ.

ಈ ಪುಸ್ತಕ ನಮ್ಮ ಕೈಗೆ ಬಂದದ್ದೇ ಮೈಸೂರಿನಿಂದ. ಕಥೆ ನಿಮಗೆ ಗೊತ್ತಿರಬಹುದು, ಆದರೂ ಹೇಳ್ತೀನಿ. 1891ರಲ್ಲಿ ಶುರುವಾದ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಗ್ರಂಥಪಾಲಕರು, ಕಾವೇರಿ ದಡದ ರುದ್ರಪಟ್ಟಣದವರು. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಗ್ರಂಥ ಲಿಪಿಯ ತಾಳೆಗರಿ ಕಟ್ಟೊಂದನ್ನು ಓದುತ್ತಾ ಹೋದವರಿಗೆ, ಕಳೆದೇ ಹೋಯಿತು ಅಂತ ಎಲ್ಲರೂ ಅಂದುಕೊಂಡಿದ್ದ ಅರ್ಥಶಾಸ್ತ್ರ ಇದೇ ಅನ್ನುವುದು ಗೊತ್ತಾಯಿತು. 1905ರಿಂದ ಅನುವಾದದ ಭಾಗಗಳು ಹೊರಬಂದವು, 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. ಇವತ್ತು ಜಗತ್ತಿನಲ್ಲಿ ಎಲ್ಲೇ ರಾಜ್ಯತಂತ್ರದ ಚರಿತ್ರೆ ಓದಿಸಿದರೂ ಈ ಪುಸ್ತಕದ ಹೆಸರು ಬಂದೇ ಬರುತ್ತದೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಗೂಢಚಾರರ ಅಧ್ಯಾಯ ಅಲ್ಲ. ಅದನ್ನು ಎಲ್ಲರೂ ಹೇಳುತ್ತಾರೆ. ಕಂಟಕಶೋಧನದ ಕೊನೇ ಕಡೆ ಒಂದು ಸಣ್ಣ ನಿಯಮ ಬರುತ್ತದೆ. ವ್ಯಾಪಾರಿಯ ಸರಕು ಊರೊಳಗೆ ಕಳುವಾದರೆ ಊರಿನ ಯಜಮಾನ ತುಂಬಿಕೊಡಬೇಕು. ಎರಡು ಊರುಗಳ ನಡುವೆ ಕಳುವಾದರೆ ಗೋಮಾಳ ನೋಡಿಕೊಳ್ಳುವ ಅಧಿಕಾರಿ ತುಂಬಿಕೊಡಬೇಕು. ಗೋಮಾಳ ಇಲ್ಲದ ಕಡೆ ಕಳ್ಳರನ್ನು ಹಿಡಿಯುವ ಅಧಿಕಾರಿ ತುಂಬಿಕೊಡಬೇಕು. ಇನ್ನೊಂದು ಕಡೆ, ಕಳ್ಳ ಸಿಗದಿದ್ದರೆ ರಾಜನೇ ತನ್ನ ಬೊಕ್ಕಸದಿಂದ ಕೊಡಬೇಕು ಅಂತಲೂ ಇದೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಎಸ್.ಎಲ್.ಎ.! ಸರ್ವೀಸ್ ಕೊಡ್ತೀನಿ ಅಂತ ಒಪ್ಪಿದ ಮೇಲೆ ಸರ್ವರ್ ಬಿದ್ದರೆ ದಂಡ ಕಟ್ಟು. ಕಾಯುವವನು ಕಾಯದಿದ್ದರೆ ನಷ್ಟ ಯಾರದ್ದು ಅನ್ನೋದನ್ನು ಜಾಗ ಜಾಗಕ್ಕೂ ಗೆರೆ ಎಳೆದು ಬರೆದಿಟ್ಟಿದ್ದಾನೆ.

ಇದು ಪುಸ್ತಕದಲ್ಲಿ. ನಿಜವಾಗಿ ನಮ್ಮ ಕಡೆ ಹೇಗಿತ್ತು?

ಹಳೇ ಕೋಲಾರ ಜಿಲ್ಲೆಯ ಶಾಸನಗಳನ್ನು (ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ) ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೇ ಸಂಪುಟವಾಗಿ ಅಚ್ಚು ಹಾಕಿಸಿದ್ದು 1905ರಲ್ಲಿ. ಗಂಗರು, ಬಾಣರು, ನೊಳಂಬರು ಒಬ್ಬರಿಗೊಬ್ಬರು ತಿವಿದಾಡಿಕೊಂಡಿದ್ದ ಗಡಿ ಸೀಮೆ ನಮ್ಮದು. ಹಾಗಾಗಿ ಇಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಕೆರೆ ಏರಿ ಮೇಲೆ, ಹೊಲದ ಬದುವಿನಲ್ಲಿ, ಕೆಲವು ಕಡೆ ಬಟ್ಟೆ ಒಗೆಯುವ ಕಲ್ಲಾಗಿಯೂ ಸಿಗುತ್ತವೆ. ಇಂಥ ಕಲ್ಲುಗಳಲ್ಲಿ ಮತ್ತೆ ಮತ್ತೆ ಬರುವುದು ತುರುಗೋಳ್, ಅಂದರೆ ದನ ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತವನ ಕಥೆ. ಇನ್ನೊಂದು ಊರಳಿವು, ಅಂದರೆ ಊರಿನ ಮೇಲೆ ಬಿದ್ದ ದಾಳಿಯಲ್ಲಿ ಸತ್ತವನದ್ದು. ಸತ್ತವನ ಮನೆಯವರಿಗೆ ಭೂಮಿ ಬಿಟ್ಟುಕೊಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ ಅಂತ ಹೆಸರು. ಇಷ್ಟು ಮಣ್ಣಿನ ಗದ್ದೆ ಅಂತ ಲೆಕ್ಕವನ್ನೂ ಕಲ್ಲಿನಲ್ಲೇ ಕೊರೆದಿರುವುದುಂಟು, ಮುಂದೆ ಯಾರೂ ತಕರಾರು ತೆಗೆಯದಿರಲಿ ಅಂತ. ಇದನ್ನು ವೀರಾರಾಧನೆ ಅಂತ ಮಾತ್ರ ನೋಡಿಕೊಂಡು ಬಂದಿದ್ದೆ. ಈಗ ನೋಡಿದರೆ ಅದೊಂದು ಕರಾರು. ನೀನು ನಮ್ಮ ದನ ಕಾದೆ, ನಿನ್ನ ಮಕ್ಕಳನ್ನು ನಾವು ನೋಡಿಕೊಳ್ಳುತ್ತೇವೆ.

ಮುಂದೆ ಇದು ದಿನನಿತ್ಯದ ವ್ಯವಸ್ಥೆಯೂ ಆಯ್ತು. ಹಳ್ಳಿಯ ಹನ್ನೆರಡು ಆಯಗಾರರ ಹೆಸರು ಕೇಳಿದ್ದೀರಲ್ಲ. ಗೌಡ, ಶಾನುಭೋಗ, ಕಮ್ಮಾರ, ಬಡಗಿ, ಅಗಸ, ಕುಂಬಾರ, ನೀರಗಂಟಿ ಎಲ್ಲ ಬರುವ ಪಟ್ಟಿ. ಅದರಲ್ಲಿ ತಳಾರಿ ಮತ್ತು ತೋಟಿ ಅಂತ ಇಬ್ಬರು ಇದ್ದಾರೆ. ಈಸ್ಟ್ ಇಂಡಿಯಾ ಕಂಪನಿಯ ವ್ಯವಹಾರಗಳ ಕುರಿತ 1812ರ ಐದನೇ ವರದಿ ಮದರಾಸು ಸೀಮೆಯ ಹಳ್ಳಿಗಳನ್ನು ವಿವರಿಸುತ್ತಾ ಇವರ ಕೆಲಸವನ್ನು ಬಿಡಿಸಿ ಹೇಳುತ್ತದೆ, ನಮ್ಮ ಕಡೆಗೂ ಅದು ಹೆಚ್ಚುಕಮ್ಮಿ ಹೊಂದುತ್ತದೆ. ತಳಾರಿಯದ್ದು ಊರಾಚೆಗೂ ಚಾಚಿದ ಕೆಲಸ: ಅಪರಾಧಗಳ ಸುಳಿವು ಹಿಡಿಯುವುದು, ದಾರಿಹೋಕರನ್ನು ಒಂದೂರಿಂದ ಇನ್ನೊಂದೂರಿಗೆ ಕಾಪಾಡಿ ತಲುಪಿಸುವುದು. ತೋಟಿಯದ್ದು ಊರೊಳಗೆ: ಬೆಳೆ ಕಾಯುವುದು, ಅಳೆಯುವಾಗ ಜೊತೆಗಿರುವುದು. ಒಬ್ಬ ಇಂಟೆಲಿಜೆನ್ಸ್ ಮತ್ತು ಎಸ್ಕಾರ್ಟ್, ಇನ್ನೊಬ್ಬ ಸೈಟ್ ಸೆಕ್ಯುರಿಟಿ. ಸಂಬಳ ಇಲ್ಲ. ಸುಗ್ಗಿಯಲ್ಲಿ ಕಣದಿಂದ ಇಷ್ಟು ಧಾನ್ಯ ಅಂತ ಆಯ, ಜೊತೆಗೆ ಒಂದಿಷ್ಟು ಇನಾಂ ಜಮೀನು. ದಕ್ಷಿಣದ ಹಲವು ಕಡೆ ಕಾವಲು ಪದ್ಧತಿಯಲ್ಲಿ ಕೌಟಿಲ್ಯನ ನಿಯಮವೇ ನಡೆಯುತ್ತಿತ್ತು. ಕಳುವಾದ ಮಾಲನ್ನು ಕಾವಲಿನವನು ಪತ್ತೆ ಮಾಡಬೇಕು, ಇಲ್ಲವಾದರೆ ನಷ್ಟ ಕಟ್ಟಿಕೊಡಬೇಕು.

ಆಹಾ ಎಂಥ ಚೆಂದ ಅಂತ ಹೇಳಿ ನಿಲ್ಲಿಸಿಬಿಡಬಹುದಿತ್ತು. ಹಾಗೆ ಮಾಡಿದರೆ ಅನ್ಯಾಯವಾಗುತ್ತದೆ. ತಮಿಳು ಸೀಮೆಯ ಪಾಳೆಯಗಾರರ ಕಾಲದಲ್ಲಿ ಕಾವಲಿನ ಹೆಸರಲ್ಲಿ ಎತ್ತಿದ ದುಡ್ಡು ಎಷ್ಟೋ ಕಡೆ ಶುದ್ಧ ರೌಡಿ ಮಾಮೂಲಿ, ಕೊಡದಿದ್ದ ಊರಿಗೆ ಕನ್ನ ಹಾಕುತ್ತಿದ್ದವರೂ ಅವರೇ. ಇನ್ನು ತೋಟಿ ಯಾರು? ಹೆಚ್ಚಿನ ಊರುಗಳಲ್ಲಿ ದಲಿತರು. ಇಡೀ ಊರನ್ನು ರಾತ್ರಿ ಕಾಯುವವನಿಗೆ ಹಗಲಲ್ಲಿ ಊರೊಳಗೆ ಜಾಗವಿಲ್ಲ. ಕಾವಲಿನ ಜೊತೆಗೆ ಡಂಗುರ ಹೊಡೆಯುವುದು, ಸತ್ತ ಸುದ್ದಿ ಮುಟ್ಟಿಸುವುದು, ಸಾಹೇಬರು ಬಂದರೆ ಗಂಟು ಹೊರುವುದು, ಎಲ್ಲ ಬಿಟ್ಟಿ ಚಾಕರಿ. ಬೇಡ ಅಂತ ಬಿಟ್ಟು ಹೋಗುವ ಹಾಗೂ ಇಲ್ಲ, ವಂಶಪಾರಂಪರ್ಯ. ಇದನ್ನು ತಾತನ ಬಳಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವು ಮಲಗ್ತಿದ್ವಿ, ಅವ್ರು ಎದ್ದಿರ್ತಿದ್ರು. ಒಂದಿನಾನೂ ಅವರ ಮನೇಗೆ ಯಾರು ಕಾವಲು ಅಂತ ಯಾರೂ ಕೇಳ್ಲಿಲ್ಲ ಬಿಡು" ಅಂದರು.

ಕರ್ನಾಟಕ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದದ್ದು 1961ರಲ್ಲಿ. ಪಟೇಲ, ಶಾನುಭೋಗ, ತಳಾರಿ, ತೋಟಿ ಎಲ್ಲಾ ವಂಶಪಾರಂಪರ್ಯ ಹುದ್ದೆಗಳೂ ಕಾನೂನಿನಲ್ಲಿ ಮುಗಿದವು. ಗೃಹರಕ್ಷಕ ದಳದ ಕಾಯ್ದೆ ಬಂದದ್ದು 1962ರಲ್ಲಿ! ಮುಂಬಯಿಯಲ್ಲಿ 1946ರ ಡಿಸೆಂಬರಿನಲ್ಲೇ ಶುರುವಾಗಿದ್ದ ದಳವನ್ನು ಚೀನಾ ಯುದ್ಧದ ಆಸುಪಾಸಿನಲ್ಲಿ ದೇಶದ ತುಂಬಾ ಹೊಸದಾಗಿ ಕಟ್ಟಿದರು. ಹಳೇ ಕಾವಲುಗಾರನ ಹುದ್ದೆ ರದ್ದು ಮಾಡುವ ಕಾಯ್ದೆ ಬಂದ ಮಾರನೇ ವರ್ಷವೇ ಖಾಕಿ ಹಾಕಿದ ಹೊಸ ಕಾವಲುಗಾರನ ಕಾಯ್ದೆ ಬಂತು. ಒಂದಕ್ಕೊಂದು ಸಂಬಂಧ ಇಟ್ಟು ಮಾಡಿದ್ದಲ್ಲ ಇರಬೇಕು, ಆದರೆ ತಾತನ ತಲೆಯಲ್ಲಿ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಅಂದ ಕೂಡಲೇ ಹೋಮ್ ಗಾರ್ಡ್ ಬಂದದ್ದು ಸುಮ್ಮನೆ ಅಲ್ಲ. ನಾವೆಲ್ಲ ನಕ್ಕಿದ್ದೇ ತಪ್ಪು. ಹೋಮ್ ಗಾರ್ಡುಗಳೂ ಸ್ವಯಂಸೇವಕರ ಲೆಕ್ಕ, ಡ್ಯೂಟಿ ಮಾಡಿದ ದಿನಕ್ಕೆ ಭತ್ಯೆ. ಜಾತ್ರೆ, ಎಲೆಕ್ಷನ್ನು, ಟ್ರಾಫಿಕ್ಕು, ಎಲ್ಲದಕ್ಕೂ ಅವರೇ.

ಅಂದಹಾಗೆ, ಆ ತೋಟಿ ಇನಾಂ ಜಮೀನುಗಳ ಕಥೆ ಮುಗಿದಿಲ್ಲ. ದೇವನಹಳ್ಳಿಯಲ್ಲಿ 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಸುತ್ತಮುತ್ತ ಭೂಮಿಯ ಬೆಲೆ ಎಲ್ಲಿಗೋ ಹೋಯಿತು. ತೋಟಿ ಇನಾಮ್ತಿ ಅನ್ನುವ ಪದ ಕೋರ್ಟು ಕಡತಗಳಲ್ಲಿ ಇನ್ನೂ ಓಡಾಡುತ್ತಿದೆ. ನಮ್ಮ ಕಡೆಯ ಎಷ್ಟೋ ಹುಡುಗರು ಅದೇ ಏರ್‌ಪೋರ್ಟಿನಲ್ಲಿ, ಸುತ್ತಲಿನ ಗೋಡೌನುಗಳಲ್ಲಿ, ಲೇಔಟುಗಳಲ್ಲಿ ನೀಲಿ ಅಂಗಿ ಹಾಕಿಕೊಂಡು ರಾತ್ರಿ ಪಾಳಿ ಮಾಡುತ್ತಾರೆ. ಏಜೆನ್ಸಿ ಸಂಬಳ, ಹನ್ನೆರಡು ಗಂಟೆ ಡ್ಯೂಟಿ.

ಗೂಢಚಾರಿಕೆಯ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673ರಿಂದ 1704) ಮೈಸೂರಿನಲ್ಲಿ ಅಂಚೆ ವ್ಯವಸ್ಥೆ ಕಟ್ಟಿದ್ದು ನಮಗೆಲ್ಲ ಹೆಮ್ಮೆ. ಆದರೆ ಅಂಚೆಯವರು ಕಾಗದ ತಲುಪಿಸುವುದರ ಜೊತೆಗೆ ತಮ್ಮ ತಮ್ಮ ಸೀಮೆಯ ಗುಟ್ಟುಗಳನ್ನು ಅರಮನೆಗೆ ತಿಳಿಸಬೇಕಾದ ನಂಬಿಗಸ್ತರೂ ಆಗಿದ್ದರು ಅಂತ ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ಆ ಅಂಚೆ 1889ರಲ್ಲಿ ಬ್ರಿಟಿಷ್ ಪೋಸ್ಟಿನಲ್ಲಿ ಸೇರಿ ಹೋಯಿತು. ಕಾಗದ ತರುವವನೇ ಕಾಗದ ಓದುವವನೂ ಆಗಬಹುದು ಅನ್ನೋದು ದಿನವೂ ಲಾಗ್ ಫೈಲ್ ನೋಡುವ ನನ್ನಂಥವನಿಗೆ ಹೊಸ ವಿಷಯ ಅಲ್ಲ.

ಈಗ ವಿದುರಾಶ್ವತ್ಥಕ್ಕೆ ಬರಬೇಕು. ಇದನ್ನು ಬಿಟ್ಟು ನಮ್ಮ ಜಿಲ್ಲೆಯವನು ಒಳಗಿನ ಭದ್ರತೆಯ ಬಗ್ಗೆ ಬರೆಯಲು ಆಗುವುದಿಲ್ಲ.

1938ರ ಏಪ್ರಿಲ್. ಮದ್ದೂರಿನ ಬಳಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದು ಎರಡು ವಾರವೂ ಆಗಿರಲಿಲ್ಲ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ, ಉತ್ತರ ಪಿನಾಕಿನಿ ಹೊಳೆಯ ಪಕ್ಕ, ಜಾತ್ರೆಗೆ ಜನ ಸೇರಿದ್ದರು. ಕಾಂಗ್ರೆಸ್ಸಿನ ಬಾವುಟ ಹಾರಿಸಬಾರದು, ಸಭೆ ಮಾಡಬಾರದು ಅಂತ ನಿಷೇಧಾಜ್ಞೆ. ಏಪ್ರಿಲ್ 25ರಂದು ಆಜ್ಞೆ ಮೀರಿ ಸಭೆ ಸೇರಿದ ಜನರ ಮೇಲೆ ಮೈಸೂರು ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ತಾಳೆಯಾಗಲೇ ಇಲ್ಲ. ಜನ ಹೇಳಿಕೊಂಡು ಬಂದ ಲೆಕ್ಕ ಸುಮಾರು 32. ದಕ್ಷಿಣದ ಜಲಿಯನ್‌ವಾಲಾಬಾಗ್ ಅಂತ ಹೆಸರಾಯಿತು. ಮೈಸೂರು ಸರ್ಕಾರ ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ಸಮಿತಿಯನ್ನು ವಿಚಾರಣೆಗೆ ನೇಮಿಸಿತು. ಮೇ ತಿಂಗಳಲ್ಲಿ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬೆಂಗಳೂರಿಗೆ ಬಂದು ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿ ಒಪ್ಪಂದ ಆಯಿತು. ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತಾಯಿತು. ಏಪ್ರಿಲ್‌ನಲ್ಲಿ ಯಾವ ಬಾವುಟಕ್ಕಾಗಿ ಗುಂಡು ಹಾರಿತ್ತೋ ಅದೇ ಬಾವುಟ ಮೇನಲ್ಲಿ ಕಾನೂನುಬದ್ಧ.

ಚಿಕ್ಕಂದಿನಲ್ಲಿ ಸ್ಕೂಲ್ ಟ್ರಿಪ್ಪಿನಲ್ಲಿ ವಿದುರಾಶ್ವತ್ಥಕ್ಕೆ ಹೋದಾಗ ನಾನು ನೋಡಿದ್ದು ನಾಗರಕಲ್ಲುಗಳ ರಾಶಿಯನ್ನು, ತಿಂದದ್ದು ಪುಳಿಯೋಗರೆಯನ್ನು. ಅಷ್ಟೇ ನೆನಪಿರುವುದು. ಈಗ ಯೋಚಿಸಿದರೆ, ಆ ದಿನ ಗುಂಡು ಹಾರಿಸಿದ ಪೊಲೀಸಿನವನೂ ಮೈಸೂರು ಸೀಮೆಯವನೇ. ಅವನ ಪ್ರಕಾರ ಅವನು ನಾಡಿನ ಶಾಂತಿ ಕಾಯುತ್ತಿದ್ದ. ದನ ಕಾದು ಸತ್ತವನ ಕಲ್ಲಿನಲ್ಲಿ ಗದ್ದೆಯ ಲೆಕ್ಕ ಇದೆ. ಇಲ್ಲಿ ಸತ್ತವರೆಷ್ಟು ಅನ್ನುವ ಲೆಕ್ಕವೇ ಕೂಡಿಬರಲಿಲ್ಲ.

ನಂತರದ ಘಟನೆಗಳು ನಿಮಗೆ ಗೊತ್ತಿರುವವೇ, ಬೇಗ ಹೇಳಿಬಿಡ್ತೀನಿ. 2005ರ ಡಿಸೆಂಬರ್ 28ಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಯ ಅಂಗಳದಲ್ಲಿ ಗುಂಡಿನ ದಾಳಿ ಆಗಿ ದೆಹಲಿ ಐಐಟಿಯ ಪ್ರೊ. ಎಂ.ಸಿ. ಪುರಿ ತೀರಿಕೊಂಡರು. 2008ರ ಜುಲೈ 25ಕ್ಕೆ ಬೆಂಗಳೂರಿನಲ್ಲಿ ಸರಣಿ ಸ್ಫೋಟ. ಅದೇ ವರ್ಷ ನವೆಂಬರ್ 26ಕ್ಕೆ ಮುಂಬಯಿ. ಆ ಡಿಸೆಂಬರಿನಲ್ಲೇ ರಾಷ್ಟ್ರೀಯ ತನಿಖಾ ದಳದ ಕಾಯ್ದೆ. ಸುನಾಮಿಯ ನಂತರ 2005ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಬಂದಿತ್ತು. ಅಮೆರಿಕಾದವರು ಒಂದೇ ಇಲಾಖೆ ಮಾಡಿಕೊಂಡಿದ್ದನ್ನು ನಾವು ಗೃಹ ಸಚಿವಾಲಯದ ಕೆಳಗೆ ಒಂದೊಂದಾಗಿ ಸೇರಿಸುತ್ತಾ ಹೋದೆವು. ನಮ್ಮ "ಗೃಹ" ಬ್ರಿಟಿಷರ ಹೋಮ್ ಆಫೀಸಿನಿಂದ ಬಂದದ್ದು, ಅವರ "ಹೋಮ್" 2001ರ ಗಾಬರಿಯಿಂದ ಬಂದದ್ದು.

ಇತ್ತೀಚಿನದು 2025ರ ಜೂನ್ 4, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ. ಬಾಂಬ್ ಇಲ್ಲ, ಬಂದೂಕಿಲ್ಲ, ಕಪ್ ಗೆದ್ದ ಖುಷಿಗೆ ಬಂದವರ ನೂಕುನುಗ್ಗಲಿನಲ್ಲಿ 11 ಜನ ಹೋದರು. ಪೊಲೀಸ್ ಕಮಿಷನರ್ ಸೇರಿ ಹಲವು ಅಧಿಕಾರಿಗಳ ಅಮಾನತಾಯಿತು, ನಿವೃತ್ತ ನ್ಯಾಯಮೂರ್ತಿ ಮೈಕೆಲ್ ಕುನ್ಹಾ ಅವರ ಆಯೋಗ ನೇಮಕವಾಯಿತು, ಪರಿಹಾರ ಘೋಷಣೆಯಾಯಿತು. ಹೊಣೆ ಯಾರದ್ದು, ಪೊಲೀಸರದ್ದೋ, ಕ್ಲಬ್ಬಿನದ್ದೋ, ಕರೆದವರದ್ದೋ ಅಂತ ವಾದ ನಡೆಯಿತಲ್ಲ, ಆಗ ನಾನು ಟಿವಿ ಆಫ್ ಮಾಡಿದ್ದೆ. ಈಗ ಅನ್ನಿಸುತ್ತದೆ, ಊರೊಳಗೆ ಆದರೆ ಯಜಮಾನ, ಗೋಮಾಳದಲ್ಲಿ ಆದರೆ ಅಧಿಕಾರಿ ಅಂತ ಗೆರೆ ಎಳೆಯದೇ ಇದ್ದದ್ದೇ ಆ ವಾದದ ಮೂಲ.

ಹಾಗಾದರೆ ಇದು ಓದಬೇಕಾದ ವಿಷಯ ಹೌದೋ ಅಲ್ಲವೋ? ನನಗೆ ಅನ್ನಿಸೋದು, ಖಂಡಿತಾ ಹೌದು. ಜನಸಂದಣಿ ಹೇಗೆ ಚಲಿಸುತ್ತದೆ, ಒಡ್ಡು ಎಲ್ಲಿ ಒಡೆಯುತ್ತದೆ, ಸುಳಿವು ಸಿಕ್ಕಿದ್ದು ಸರಿಯಾದ ಮೇಜಿಗೆ ಯಾಕೆ ತಲುಪುವುದಿಲ್ಲ, ಕಾಯುವವನನ್ನು ಕೇಳುವವರು ಯಾರು, ಇವೆಲ್ಲ ಕೂತು ಕಲಿಯಬೇಕಾದವು.

ಆದರೆ ಚಿಕ್ಕಪ್ಪ ಕೇಳಿದ್ದು ಆ ಪ್ರಶ್ನೆ ಅಲ್ಲವಲ್ಲ. ಅವರು ಕೇಳಿದ್ದು ತೋಟ ಅಡವಿಡಬಹುದಾ ಅಂತ. ಅದಕ್ಕೆ ನಾನು ಹುಡುಕಿದಾಗ ಸಿಕ್ಕಿದ್ದು ಕನ್ಸಲ್ಟೆನ್ಸಿಯವನು ಹೇಳದೇ ಬಿಟ್ಟದ್ದು. ಈ ಡಿಗ್ರಿ ಯಾವ ಇಲಾಖೆಗಾಗಿ ಹುಟ್ಟಿತೋ ಅಲ್ಲಿ ಕೆಲಸ ಬೇಕೆಂದರೆ ಸಾಮಾನ್ಯವಾಗಿ ಅಮೆರಿಕಾದ ಪೌರತ್ವ ಇರಲೇಬೇಕು. ರಹಸ್ಯ ಕಡತ ಮುಟ್ಟುವ ಅನುಮತಿಯೂ ಪೌರರಿಗೇ. ಇಲಾಖೆಗೆ ಕೆಲಸ ಮಾಡಿಕೊಡುವ ಖಾಸಗಿ ಕಂಪನಿಗಳಲ್ಲೂ ಬಹಳಷ್ಟು ಕಡೆ ಅದೇ ಷರತ್ತು. ಕಾಂಪಿಟಿಷನ್ ಯಾಕೆ ಕಮ್ಮಿ ಅಂತ ಈಗ ಅರ್ಥವಾಯಿತು!

ಇನ್ನೊಂದು ತಮಾಷೆ ಕೇಳಿ. 1993ರಲ್ಲಿ ಅದೇ ವರ್ಲ್ಡ್ ಟ್ರೇಡ್ ಸೆಂಟರಿಗೆ ಬಾಂಬಿಟ್ಟವರಲ್ಲಿ ಒಬ್ಬ ವಿದ್ಯಾರ್ಥಿ ವೀಸಾದಲ್ಲಿ ಬಂದಿದ್ದ. ಅದರಿಂದ 1996ರಲ್ಲಿ ಕಾನೂನು, 2003ರಿಂದ ಎಲ್ಲಾ ವಿದೇಶಿ ವಿದ್ಯಾರ್ಥಿಗಳ ವಿವರ ಒಂದು ಕಂಪ್ಯೂಟರ್ ವ್ಯವಸ್ಥೆಯಲ್ಲಿ. ಅದನ್ನು ನಡೆಸುವುದು ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆಯೇ. ಹಾಗಾಗಿ ನನ್ನ ತಮ್ಮ ಆ ಇಲಾಖೆಯ ಒಳಗೆ ಕೂರಲಾರ, ಆದರೆ ವಿಮಾನ ಇಳಿಯುವ ಮುಂಚೆಯೇ ಅದರ ಕಡತದೊಳಗೆ ಕೂತಿರುತ್ತಾನೆ.

ಹೋದ ಭಾನುವಾರ ಊರಿಗೆ ಹೋಗಿ ಇದನ್ನೆಲ್ಲ ಹೇಳಿದೆ. ತಮ್ಮನಿಗೆ ಸಿಟ್ಟು ಬಂತು. "ಅಣ್ಣಾ, ನೀನು ಪೌರತ್ವ ಕೇಳದ ಕೋಡು ಬರೀತೀಯ. ನಂಗೆ ಇದೇ ಇಷ್ಟ ಆದ್ರೆ ಏನ್ ಮಾಡ್ಲಿ?" ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಅವನಿಗೆ ಈ ವಿಷಯ ನಿಜವಾಗಿಯೂ ಇಷ್ಟ ಅನ್ನೋದು ನನಗೆ ಗೊತ್ತಾದದ್ದೇ ಅವತ್ತು. ಅಲ್ಲಿಯವರೆಗೆ ಅದು ಕನ್ಸಲ್ಟೆನ್ಸಿಯವನ ಐಡಿಯಾ ಅಂತಲೇ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಅವನಿಗೆ ಚಿನ್ನಸ್ವಾಮಿಯ ಗೇಟುಗಳ ನಕ್ಷೆ ಬಾಯಿಪಾಠ. ಆ ದಿನ ಅವನು ಹೊರಗಿದ್ದ ಜನರಲ್ಲಿ ಒಬ್ಬನಂತೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಇಲ್ಲೇ ಓದಲು ದಾರಿಗಳಿವೆ ಅಂದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ವಿಭಾಗ ಇದೆ. 2020ರಲ್ಲಿ ಕೇಂದ್ರದ ಕಾಯ್ದೆಯಿಂದ ಆದ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯ ಗಾಂಧಿನಗರದ ಬಳಿ ಲವಾಡ್‌ನಲ್ಲಿದೆ, ಅದರ ಒಂದು ಕ್ಯಾಂಪಸ್ ನಮ್ಮ ಶಿವಮೊಗ್ಗದಲ್ಲೇ ಇದೆ. ಶಿವಮೊಗ್ಗ ಅಂದಾಗ ಚಿಕ್ಕಮ್ಮನ ಮುಖ ಅರಳಿತು, ತಮ್ಮನ ಮುಖ ಇನ್ನಷ್ಟು ಇಳಿಯಿತು.

ಕೊನೆಗೆ ಅವನೇ ಲ್ಯಾಪ್‌ಟಾಪ್ ತೆಗೆದು ಯೂನಿವರ್ಸಿಟಿಗೆ ಒಂದು ಮೇಲ್ ಬರೆದ. ಕಳೆದ ಐದು ವರ್ಷಗಳಲ್ಲಿ ಈ ಕೋರ್ಸ್ ಮುಗಿಸಿದ ವಿದೇಶಿ ವಿದ್ಯಾರ್ಥಿಗಳು ಎಷ್ಟು, ಅವರೆಲ್ಲ ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ, ದಯವಿಟ್ಟು ತಿಳಿಸಿ ಅಂತ. ನಾನು ಒಂದೆರಡು ಸ್ಪೆಲ್ಲಿಂಗ್ ತಿದ್ದಿದೆ. ಇದನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ. ಸೀಟು ಹಿಡಿಯಲು ಮುಂಗಡ ಕಟ್ಟಬೇಕಾದ ಕೊನೇ ದಿನ ಬರುವ ಹದಿನೈದನೇ ತಾರೀಕು. ಚಿಕ್ಕಪ್ಪ ಪಹಣಿ ತೆಗೆಸಿ ಬೀರುವಿನಲ್ಲಿಟ್ಟಿದ್ದಾರೆ, ಬ್ಯಾಂಕಿಗೆ ಹೋಗಿಲ್ಲ.

ನಿಮ್ಮಲ್ಲಿ ಯಾರಾದರೂ ಈ ಕೋರ್ಸ್ ಓದಿದವರಿದ್ದರೆ, ಇಲ್ಲಾ ಓದಿದವರ ಪರಿಚಯ ಇದ್ದರೆ, ಹದಿನೈದರೊಳಗೆ ದಯವಿಟ್ಟು ಒಂದು ಮಾತು ತಿಳಿಸಿ.